ತವರಿನ ನಾಯಿಯ ಮೇಲೆ ಗುಮಾನಿ

ಕುರಿ ಕಾಯುವ ಅಜ್ಜ ಸತ್ತ ಮರಿಯೊಂದನ್ನು ಹೆಗಲ ಮೇಲೆ ಹೊತ್ತು ತಂದು ನಮ್ಮ ಅಂಗಳದಲ್ಲಿ ಇಳಿಸಿದಾಗ ನಮ್ಮ ನಾಯಿ ಜಗಲಿಯ ಮೇಲೆ ಎಳೆಬಿಸಿಲಿಗೆ ಕಾಲು ಚಾಚಿ ಮಲಗಿತ್ತು. ತಲೆ ಎತ್ತಿ ಅಜ್ಜನನ್ನು ನೋಡಿತು, ಮರಿಯನ್ನು ನೋಡಿತು, ಮತ್ತೆ ಗದ್ದವನ್ನು ಮುಂಗಾಲಿನ ಮೇಲಿಟ್ಟುಕೊಂಡಿತು. ಆ ನಿರ್ಲಕ್ಷ್ಯ ಕಂಡು ನನಗೆ ಸಮಾಧಾನವಾಯಿತು. ನಮ್ಮ ಅತ್ತೆಗೆ ಅದೇ ನಿರ್ಲಕ್ಷ್ಯ ಬೇರೆ ಥರ ಕಂಡಿತು.

"ನೋಡು, ನೋಡಿದ್ರೂ ನೋಡ್ದಂಗೆ ಹೆಂಗೆ ಮಲಗೈತೆ," ಎಂದರು. "ಹೊಟ್ಟೆ ತುಂಬಿದೋರ್ಗೆ ತಾನೆ ಹಂಗೆ ನಿದ್ದೆ ಬರೋದು."

ಐಮಂಗಲದ ಕಡೆ ನಮ್ಮ ಊರು. ಈರುಳ್ಳಿ ಕಿತ್ತ ಮೇಲೆ ಹೊಲ ಖಾಲಿ ಇರುವ ತಿಂಗಳುಗಳಲ್ಲಿ ಈ ಅಜ್ಜನ ಕುರಿ ಮಂದೆಯನ್ನು ನಮ್ಮ ಹೊಲದಲ್ಲೇ ನಿಲ್ಲಿಸುವುದು ಬಹಳ ವರ್ಷದ ರೂಢಿ. ಕುರಿಗಳು ರಾತ್ರಿಯೆಲ್ಲ ಅಲ್ಲಿ ತಂಗಿದರೆ ಹೊಲಕ್ಕೆ ಗೊಬ್ಬರ, ಅಜ್ಜನ ಮನೆಗೆ ನಮ್ಮ ಕಣದ ರಾಗಿ. ಹಾಗಾಗಿ ಅಜ್ಜ ನಮಗೆ ಹೊರಗಿನವನಲ್ಲ. ಜಗಳಕ್ಕೆ ಬಂದವನ ಹಾಗೆ ಅವನು ಕೂಗಾಡಲೂ ಇಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

"ಇದು ಎರಡನೇದು ತಾಯಿ," ಎಂದ. "ಬೆಳಕು ಹರಿಯೋ ಹೊತ್ತು. ಜಾಲಿ ಸಾಲಲ್ಲಿ ಉದ್ದನೇದೊಂದು ಬಿಲ್ಲು ಬಾಗಿದಂಗೆ ಓಡ್ತು. ನಿಮ್ಮ ನಾಯಿನೇ ಅಂತ ನಾನು ಹೇಳಲ್ಲ. ಇಂಥದ್ದು ಈ ಸೀಮೇಲಿ ಇನ್ನೊಂದು ಎಲ್ಲೈತೆ ಅಂತ ನೀವೇ ಹೇಳಿಬಿಡ್ರಿ, ನಾನು ಅತ್ಲಾಗೆ ಹೋಗ್ತೀನಿ."

"ಕುಂತ್ಕ ಅಜ್ಜ, ಟೀ ಕುಡಿ," ಎಂದರು ನಮ್ಮ ಮನೆಯವರು.

"ಟೀ ಬ್ಯಾಡ ಯಜಮಾನ್ರೆ. ಮರಿ ಹೂಳಬೇಕು."

ಅಂಥ ನಾಯಿ ನಮ್ಮ ಸುತ್ತಮುತ್ತ ಇನ್ನೊಂದು ಇರಲಿಲ್ಲ. ಅದು ನನ್ನ ತವರಿನಿಂದ ಬಂದದ್ದು, ಹೊಸದುರ್ಗದ ಕಡೆಯಿಂದ. ಪೇಟೆಯ ಜನ ಈಗ ಅದನ್ನು ಮುಧೋಳದ ನಾಯಿ ಅನ್ನುತ್ತಾರೆ, ಕೆಲವರು ಕಾರವಾನಿ ಅನ್ನುತ್ತಾರೆ. ನಮ್ಮ ತವರಿನಲ್ಲಿ ಅದಕ್ಕಿದ್ದ ಹೆಸರು ಮೊಲದ ನಾಯಿ, ಅಷ್ಟೇ.

ಅದರ ಪೂರ್ವೋತ್ತರವನ್ನು ನನ್ನ ತಾತ ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಹೇಳುತ್ತಿದ್ದ. ಹಿಂದೆ ಬಿಜಾಪುರದ ಸುಲ್ತಾನರ ಕಾಲದಲ್ಲಿ ಪಡುವಣ ದೇಶಗಳಿಂದ ಕುದುರೆ ವ್ಯಾಪಾರಿಗಳು ಬರುತ್ತಿದ್ದರಂತೆ. ಕುದುರೆಯ ಹಿಂದೆ ಹಗ್ಗ ಕಟ್ಟಿಕೊಂಡು ಈ ನಾಯಿಗಳೂ ನಡೆದು ಬಂದವಂತೆ. ಮರಳುಗಾಡಿನಲ್ಲಿ ಜಿಂಕೆ, ಮೊಲ ಹಿಡಿಯುತ್ತಿದ್ದ ನಾಯಿಗೆ ನಮ್ಮ ಬಯಲುಸೀಮೆ ಏನೂ ಹೊಸದಾಗಿ ಕಾಣಲಿಲ್ಲ. ಆಮೇಲೆ ಮುಧೋಳದ ಸಂಸ್ಥಾನದವರು ತಳಿ ಕೆಡದಂತೆ ಸಾಕಿ ಹೆಸರು ಮಾಡಿದರು. ದಂಡಿನ ಜೊತೆ, ಅಲೆಮಾರಿಗಳ ಜೊತೆ ನಾಲ್ಕಾರು ಮರಿ ನಮ್ಮ ಕಡೆಗೂ ಬಂದವು. ಈಗ ಸೈನ್ಯಕ್ಕೂ ಸೇರಿಸಿಕೊಂಡಿದ್ದಾರೆ ಎಂದು ಪೇಪರಿನಲ್ಲಿ ಓದಿದ್ದೇನೆ. ಇದಿಷ್ಟನ್ನು ತಾತ ನಂಬುತ್ತಿದ್ದ. ಆದರೆ ನಮ್ಮ ನಾಯಿಯ ಮುತ್ತಜ್ಜಿ ದುರ್ಗದ ಪಾಳೇಗಾರರ ಕೋಟೆಯಲ್ಲಿತ್ತು ಎಂದು ಯಾರಾದರೂ ಶುರುಮಾಡಿದರೆ ತಾತನ ಹುಬ್ಬು ಮೇಲಕ್ಕೇರುತ್ತಿತ್ತು.

"ಎಲ್ಲಾರ ನಾಯೀನೂ ಕೋಟೆಯಿಂದ್ಲೇ ಇಳಿದು ಬಂದಿದ್ರೆ, ಕೋಟೇಲಿ ಮನುಷ್ಯರು ಎಲ್ಲಿ ಮಲಗ್ತಿದ್ರಪ್ಪ?" ಎನ್ನುತ್ತಿದ್ದ.

ಅವನಿಗೆ ಗೊತ್ತಿದ್ದದ್ದು ಇಷ್ಟು: ಅವನ ತಾತನ ಕಾಲದಲ್ಲಿ ಬೇಟೆಯವರ ಒಂದು ಕುಟುಂಬ ನಮ್ಮ ಬಾವಿಯ ಹತ್ತಿರ ಬಿಡಾರ ಹಾಕುತ್ತಿತ್ತು. ನೀರು ಕೊಟ್ಟ ಋಣಕ್ಕೆ ಅವರು ಒಂದು ಹೆಣ್ಣುಮರಿ ಕೊಟ್ಟು ಹೋದರು. ನಮ್ಮದು ಲಿಂಗ ಕಟ್ಟಿದ ಮನೆ, ಮೊಲದ ಮಾಂಸ ಹೊಸ್ತಿಲು ದಾಟುವಂತಿಲ್ಲ. ಆದರೆ ಶೇಂಗಾ, ಅಲಸಂದೆ ಮೊಳಕೆ ಒಡೆದ ವಾರದಲ್ಲಿ ಮೊಲ ಸಾಲು ಸಾಲೇ ಕತ್ತರಿಸಿಹಾಕುತ್ತದೆ. ಅದಕ್ಕೆ ನಾಯಿ ಬೇಕು. "ಓಡ್ಸೋದು ನಮ್ಮ ಕೆಲ್ಸ. ಹಿಡಿಯೋದು ಬಿಡೋದು ಅದರ ಹಣೇಬರ," ಎಂದು ಹೇಳಿ ತಾತ ಬೇರೆ ಕಡೆ ತಿರುಗಿ ನಿಲ್ಲುತ್ತಿದ್ದನಂತೆ. ಈಗ ಮೊಲ ಹಿಡಿಯುವುದು ಕಾನೂನಿಗೆ ವಿರುದ್ಧ. ಹಾಗಾಗಿ ನಾಯಿಗೆ ಓಡಿಸುವ ಕೆಲಸವೊಂದೇ ಉಳಿದಿದೆ. ರಾಗಿ ಮುದ್ದೆ, ಮಜ್ಜಿಗೆ, ಸೊಪ್ಪಿನ ಸಾರು ತಿಂದು ಬೆಳೆದ ಬೇಟೆ ನಾಯಿ ನಮ್ಮದು.

ಈ ಜಾತಿಯನ್ನು ಗುರುತಿಸುವುದಕ್ಕೆ ಹಿರಿಯರಿಗೆ ಅವರದೇ ಅಳತೆಗಳಿದ್ದವು. ಮೂತಿ ಕಿರಿದಾಗಿ ಉದ್ದವಿರಬೇಕು. ಎದೆ ಮುಂದೆ ಇಳಿದಿರಬೇಕು, ಹೊಟ್ಟೆ ಬೆನ್ನಿಗೆ ಅಂಟಿರಬೇಕು. ಸೊಂಟದ ಎರಡು ಮೂಳೆಗಳ ನಡುವೆ ಮೂರು ಬೆರಳು ಮಲಗಬೇಕು. ಬಾಲವನ್ನು ತೊಡೆಯ ಸಂದಿಯಿಂದ ಹಾಯಿಸಿ ಮೇಲಕ್ಕೆ ತಂದರೆ ಅದರ ತುದಿ ಸೊಂಟದ ಮೂಳೆ ಮುಟ್ಟಬೇಕು. ಮೊಲ ಓಡುತ್ತ ಓಡುತ್ತ ತಟಕ್ಕನೆ ತಿರುಗಿದರೆ ನಾಯಿಯೂ ಆ ಬಾಲದ ಮೇಲೆ ತಿರುಗುತ್ತದೆ. ಓಡುವಾಗ ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಕೂಡುತ್ತವೆ, ಮರುಕ್ಷಣ ನಾಲ್ಕೂ ದಿಕ್ಕಿಗೆ ಬಿಚ್ಚಿಕೊಳ್ಳುತ್ತವೆ. ನೆಲ ಮುಟ್ಟಿದ್ದು ಯಾವಾಗ ಎಂದು ಹೇಳಲಾಗುವುದಿಲ್ಲ. ಅದು ಬೊಗಳುವುದು ಕಡಿಮೆ, ಮೂಸುವುದು ಅದಕ್ಕಿಂತ ಕಡಿಮೆ. ಕಣ್ಣಿಗೆ ಕಂಡದ್ದನ್ನು ಅಟ್ಟುತ್ತದೆ. ಮೊಲ ಪೊದೆಯೊಳಗೆ ನುಗ್ಗಿ ಮರೆಯಾದರೆ, ಅಲ್ಲೇ ಎರಡು ಮಾರು ದೂರದಲ್ಲಿ ಮೊಲ ಉಸಿರಾಡುತ್ತಿದ್ದರೂ, ಏನೂ ತಿಳಿಯದಂತೆ ನಿಂತುಬಿಡುತ್ತದೆ. ಹಿಡಿದರೆ ಕತ್ತು ಹಿಡಿದು ಒಂದೇ ಸಲ ಕೊಡವುತ್ತದೆ. ಹರಿಯುವುದಿಲ್ಲ, ಬಗೆಯುವುದಿಲ್ಲ. ಅಪರಿಚಿತರು ಮೈ ಮುಟ್ಟಿದರೆ ಸೇರುವುದಿಲ್ಲ. ಯಾರನ್ನಾದರೂ ನಂಬಲು ತಿಂಗಳುಗಟ್ಟಲೆ ಬೇಕು.

ಗಂಡುಮರಿಗಳನ್ನು ನಮ್ಮ ತವರಿನವರು ಕೇಳಿದವರಿಗೆ ಕೊಡುತ್ತಿದ್ದರು. ಹೆಣ್ಣುಮರಿಯ ವಿಷಯ ಹಾಗಲ್ಲ. ಅದನ್ನು ಮಗಳ ಹಾಗೆ ಹಣೆಗೆ ಅರಿಶಿನ ಕುಂಕುಮ ಇಟ್ಟು, ಒಯ್ಯುವವರ ಸೆರಗಿಗೆ ಮಡಿಲಕ್ಕಿ ಹಾಕಿ ಕಳಿಸುವುದು. ಒಂದು ಕಟ್ಟುಪಾಡೂ ಇದೆ. ಆ ಹೆಣ್ಣಿಗೆ ಜೋಡಿ ಮಾಡಿಸುವುದಾದರೆ ಅದು ತವರಿನಲ್ಲೇ, ತವರಿನವರು ಆರಿಸಿದ ಗಂಡಿನ ಜೊತೆ. ಕೊಟ್ಟ ಮನೆಯವರು ಬೀದಿ ನಾಯಿಯ ಜೊತೆ ಬಿಟ್ಟರೆ ಎರಡು ಮನೆಯ ನಡುವೆ ಮಾತು ಬಿಟ್ಟುಹೋಗುತ್ತದೆ. ತಾತ ತೀರಿದ ಮೇಲೆ ಈ ಕಟ್ಟುಪಾಡನ್ನು ಬಿಗಿಯಾಗಿ ಹಿಡಿದುಕೊಂಡಿರುವವರು ನನ್ನ ದೊಡ್ಡಪ್ಪ. ನಾಲ್ಕು ವರ್ಷದ ಹಿಂದೆ ಅವರೇ ನನ್ನ ಸೆರಗಿಗೆ ಅಕ್ಕಿ ಹಾಕಿ ಈ ಮರಿಯನ್ನು ಕೊಟ್ಟರು. ಆದ್ದರಿಂದ ಇನ್ನು ಮುಂದೆ ನಾನು ಅವಳನ್ನು ಅದು ಎಂದು ಬರೆಯಲಾರೆ. ಬೆದೆಗೆ ಬಂದಾಗಲೆಲ್ಲ ಮೂರು ವಾರ ಅವಳನ್ನು ಶೇಂಗಾ ಚೀಲ ಇಡುವ ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಹಾಕುತ್ತಿದ್ದೆ. ಅವಳ ಮೈಚರ್ಮ ತೆಳು, ಚಳಿ ತಡೆಯುವುದಿಲ್ಲ. ಅದಕ್ಕೆ ಒಂದು ಹಳೆಯ ಕರಿ ಕಂಬಳಿ ಹಾಸಿದ್ದೆ. ಆಮೇಲೂ ಅವಳು ಆ ಕೋಣೆಯಲ್ಲೇ ಮಲಗುವುದು ಅಭ್ಯಾಸ ಮಾಡಿಕೊಂಡಳು.

ಹೀಗಿರುವಾಗ ಕುರಿಮರಿಗಳು ಸಾಯತೊಡಗಿದವು, ಅಜ್ಜನ ಕಣ್ಣು ನಮ್ಮ ಜಗಲಿಯ ಮೇಲೆ ಬಿತ್ತು.

ಆವತ್ತು ಅವನು ಹೋದ ಮೇಲೆ ನಾನು ಅವಳ ಪರವಾಗಿ ವಾದ ಹೂಡಿದೆ. ಮರಿಯ ಹೊಟ್ಟೆ ಬಗೆದಿತ್ತು. ನಮ್ಮ ಜಾತಿಯ ನಾಯಿ ಕತ್ತು ಹಿಡಿಯುತ್ತದೆ, ಹೊಟ್ಟೆ ಬಗೆಯುವುದಿಲ್ಲ ಎಂದೆ.

ಅತ್ತೆ ಮೊರದಲ್ಲಿ ತೊಗರಿಬೇಳೆ ಕೇರುತ್ತಿದ್ದರು. "ನಿಮ್ಮ ತಾತ ಹೇಳಿದ್ದನ್ನ ಅದೂ ಕೇಳಿಸ್ಕಂಡೈತೇನು? ಮುದ್ದೆ ತಿಂದು ತಿಂದು ಬ್ಯಾಸರ ಆಗಿರ್ತೈತೆ. ನನಗೇ ಆಗೈತೆ."

"ಅತ್ತೆ, ಅವಳಿಗೆ ಮಾಂಸದ ರುಚಿನೇ ಗೊತ್ತಿಲ್ರಿ."

"ಗೊತ್ತಾಗೋವರ್ಗೆ ಗೊತ್ತಿರಲ್ಲ."

ನಮ್ಮ ಮನೆಯವರು ಇಬ್ಬರ ಮಾತಿಗೂ ತಲೆಯಾಡಿಸಿ ಮೋಟರ್ ಹಾಕಲು ಹೊಲಕ್ಕೆ ಹೋದರು.

ಬಾಯಲ್ಲಿ ವಾದ ಮಾಡಿದೆನೇ ಹೊರತು ಆ ದಿನದಿಂದ ನಾನು ಅವಳನ್ನು ನೋಡುವ ರೀತಿಯೇ ಬದಲಾಯಿತು. ಮೊದಲು ಗಮನಕ್ಕೆ ಬಾರದಿದ್ದ ಸಂಗತಿಗಳೆಲ್ಲ ಒಂದೊಂದಾಗಿ ಎದ್ದು ಕಾಣತೊಡಗಿದವು. ಅವಳು ಬೆಳಗಿನ ಮುದ್ದೆಯನ್ನು ಮೂಸಿ ಬಿಡುತ್ತಿದ್ದಳು. ಮುದ್ದೆ ಬಿಟ್ಟವಳು ಬಡವಾಗಬೇಕಿತ್ತು. ಬೆನ್ನಿಗೆ ಅಂಟಿರುತ್ತಿದ್ದ ಹೊಟ್ಟೆ ಮಾತ್ರ ತುಸು ಇಳಿದು ತುಂಬಿಕೊಂಡ ಹಾಗೆ ಕಾಣುತ್ತಿತ್ತು. ಬೆಳಗಾಗುತ್ತಲೇ ಎಲ್ಲಿಗೋ ಹೋಗಿ, ಮೂತಿಗೆ, ಮುಂಗಾಲಿಗೆ ಮಣ್ಣು ಮೆತ್ತಿಕೊಂಡು ಬರುತ್ತಿದ್ದಳು. ನಾನು ಹತ್ತಿರ ಹೋದರೆ ಎದ್ದು ದೂರ ಹೋಗುತ್ತಿದ್ದಳು. ಮನೆಯಲ್ಲಿ ತಿನ್ನದವಳ ಹೊಟ್ಟೆ ಹೊರಗೆ ಎಲ್ಲಿ ತುಂಬುತ್ತಿದೆ ಎಂಬ ಪ್ರಶ್ನೆ ಬಟ್ಟೆ ಒಗೆಯುವಾಗ, ರೊಟ್ಟಿ ತಟ್ಟುವಾಗ ಬೆನ್ನ ಹಿಂದೆ ನಿಂತಿರುತ್ತಿತ್ತು.

ಮೂರನೆಯ ಮರಿ ಸತ್ತಿತು. ಅಜ್ಜ ಈ ಸಲ ಮರಿಯನ್ನು ತರಲಿಲ್ಲ, ಬರಿಗೈಯಲ್ಲಿ ಬಂದ. ಜಗಲಿಯ ಮೇಲೆ ಕೂರದೆ ಬೇವಿನ ಮರಕ್ಕೆ ಒರಗಿ ನಿಂತ.

"ನಾನು ಎರಡು ದಿನದಾಗೆ ಮಂದೆ ಎಬ್ಬಿಸ್ತೀನಿ ಯಜಮಾನ್ರೆ. ಮದಕರಿಪುರದ ಕಡೆ ಹೋಗ್ತೀನಿ. ಹೋಗೋಕೆ ಮುಂಚೆ ಒಂದು ಮಾತು ಹೇಳಿ ಹೋಗಾಣ ಅಂತ ಬಂದೆ. ನನ್ನ ಅಣ್ತಮ್ಮಂದ್ರ ಮಕ್ಳು ವಯಸ್ಸಿನ ಹುಡುಗ್ರು. ಬೇಕರಿ ಬನ್ನಿಗೆ ಹುಳದ ಔಷಧಿ ಹಚ್ಚಿ ಜಾಲಿ ಬುಡದಾಗೆ ಇಡೋ ಮಾತಾಡ್ತಾ ಅವರೆ. ನಾನು ಬ್ಯಾಡ ಅಂದೀನಿ. ನಾನು ಬ್ಯಾಡ ಅಂದಿದ್ದು ಎಷ್ಟು ದಿನ ನಡೀತೈತೋ ಗೊತ್ತಿಲ್ಲ."

"ನಾಯಿ ಕಟ್ಟಿ ಹಾಕ್ತೀವಿ ಅಜ್ಜ," ಎಂದೆ.

"ಕಟ್ಟಿದ ನಾಯೀನ ನಂಬಬೋದು ತಾಯಿ. ಕಟ್ಟಿದೋರ್ನ ನಂಬೋದು ಕಷ್ಟ," ಎಂದು ಅವನು ನಕ್ಕ. ಆ ನಗುವಿನಲ್ಲಿ ನಾನೂ ಅನುಮಾನದ ಪಟ್ಟಿಗೆ ಸೇರಿದ್ದೆ.

ಮರುದಿನ ಬೆಳಿಗ್ಗೆ ನಾನು ಅವಳ ಹಿಂದೆ ಹೋದೆ. ದನದ ಕೊಟ್ಟಿಗೆಯ ಹಿಂದೆ ಅವಳು ಕುಳಿತು ಎದ್ದ ಜಾಗಕ್ಕೆ ಒಂದು ತೊಗರಿ ಕಡ್ಡಿ ಹಿಡಿದುಕೊಂಡು ಹೋಗಿ ಕೆದಕಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಿರಿಯರಿಂದ ನಾನು ಕಲಿತದ್ದರಲ್ಲಿ ಇದೂ ಒಂದು. ಯಾವ ಪ್ರಾಣಿ ಏನು ತಿಂದಿದೆ ಎಂದು ಅದರ ಹಿಂದಿನಿಂದ ತಿಳಿಯುವುದು. ಕಡ್ಡಿಯ ತುದಿಗೆ ಕಪ್ಪಾದ, ಸುರುಳಿ ಸುರುಳಿಯಾದ ಎಳೆ ಸಿಕ್ಕಿತು. ಬೆರಳಲ್ಲಿ ಹೊಸಕಿ ನೋಡುವ ಅಗತ್ಯವೂ ಇರಲಿಲ್ಲ. ಕುರಿಯ ಉಣ್ಣೆ.

ತಲೆ ಎತ್ತಿದೆ. ಅವಳು ಹತ್ತು ಹೆಜ್ಜೆ ದೂರದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಕೊಟ್ಟಿಗೆಯ ಬಾಗಿಲಲ್ಲಿ ಅತ್ತೆಯೂ ನಿಂತಿದ್ದರು.

"ಸಿಕ್ತಾ?" ಎಂದರು.

ಅತ್ತೆ ಹತ್ತಿರ ಬಂದು ಕಡ್ಡಿಯನ್ನು ನೋಡಿದರು. ಅವರಿಗೆ ಖುಷಿಯಾಗಬೇಕಿತ್ತು, ಗೆದ್ದಿದ್ದರಲ್ಲ. ಆಗಲಿಲ್ಲ. "ಅಜ್ಜಂಗೆ ಹೇಳಬ್ಯಾಡ," ಎಂದರು. "ಹೊಸದುರ್ಗಕ್ಕೆ ಬಿಟ್ಟು ಬಾ. ಕೊಟ್ಟೋರ ಮನೇಲೇ ಇರ್ಲಿ. ಇಲ್ಲಿದ್ರೆ ಸಾಯ್ತೈತೆ."

ಕೊಟ್ಟ ಹೆಣ್ಣನ್ನು ವಾಪಸ್ ಬಿಟ್ಟು ಬರುವುದು ಎಂದರೆ ಏನು ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ದೊಡ್ಡಪ್ಪನ ಮುಖಕ್ಕೆ ಏನು ಹೇಳುವುದು? ನಿನ್ನ ತಳಿ ಕುರಿ ತಿನ್ನುತ್ತದೆ ಎನ್ನುವುದೇ? ರಾತ್ರಿ ನಮ್ಮ ಮನೆಯವರ ಜೊತೆ ಮಾತಾಡಿದೆ. ಅವರು ಪರಿಚಯದವರ ಲಗೇಜ್ ಆಟೋ ಒಂದನ್ನು ಬೆಳಿಗ್ಗೆಗೆ ಗೊತ್ತು ಮಾಡಿದರು. ನಾನು ಹಿಂದೆ ಅವಳ ಜೊತೆ ಕುಳಿತೆ, ಅವರು ಮುಂದೆ ಕುಳಿತರು. ಹಿರಿಯೂರು ದಾಟುವವರೆಗೂ ಅವಳು ನಿಂತೇ ಇದ್ದಳು, ಮೂತಿಯನ್ನು ಗಾಳಿಗೆ ಕೊಟ್ಟುಕೊಂಡು. ನನ್ನ ಮೊಣಕಾಲು ತಾಗಿದರೆ ಸರಿದು ನಿಲ್ಲುತ್ತಿದ್ದಳು.

ಮಾರಿಕಣಿವೆಯ ಹತ್ತಿರ ಫಾರೆಸ್ಟ್ ವಾಚರ್ ಒಬ್ಬರು ಕೈ ಅಡ್ಡ ಹಾಕಿದರು. ಇಂಥ ನಾಯಿಯನ್ನು ಗುಡ್ಡದ ರಸ್ತೆಯಲ್ಲಿ ಕಂಡರೆ ಅವರು ನಿಲ್ಲಿಸಲೇಬೇಕು. ಬೈಕಿನಲ್ಲಿ ಕಾಲು ಊರಿಕೊಂಡೇ ಆಟೋದೊಳಗೆ ಇಣುಕಿದರು.

"ಎಲ್ಲಿಗೆ ಬೇಟೆ?"

"ಬೇಟೆ ಅಲ್ಲಣ್ಣ. ತವರಿಗೆ ಹೊರಟಿದೀವಿ," ಎಂದೆ.

"ಯಾರ ತವರಿಗೆ?"

"ನನ್ನ ತವರಿಗೆ. ಇವಳದೂ ಅದೇ."

ವಾಚರ್ ನಮ್ಮ ಮನೆಯವರ ಮುಖ ನೋಡಿದರು. ನಮ್ಮ ಮನೆಯವರು ರಸ್ತೆ ನೋಡಿದರು. "ಚೀಲದಾಗೇನೈತೆ? ಬಲೆ ಐತಾ? ತೆಗೀರಿ." ಚೀಲದಲ್ಲಿ ಒಂದು ಸೀರೆ, ದೊಡ್ಡಪ್ಪನಿಗೆ ಕಡ್ಲೆಪುರಿ. ಬೈಕಿನಿಂದ ಇಳಿದು ಬಂದು ಸೀಟಿನ ಕೆಳಗೆ ನೋಡಿದರು, ಟಾರ್ಪಾಲು ಎತ್ತಿ ನೋಡಿದರು. ಕೊನೆಗೆ ನಾಯಿಯನ್ನು ನೋಡಿದರು. ಬಾಗಿ, ಅವಳ ಹೊಟ್ಟೆಯ ಕೆಳಗೆ ನೋಡಿದರು.

"ಹೋಗ್ರಿ ಹೋಗ್ರಿ," ಎಂದರು, ಮುಖದ ಬಿಗಿ ಸಡಿಲವಾಗಿತ್ತು. "ಗಬ್ಬದ ನಾಯೀನ ಯಾರೂ ಬೇಟೆಗೆ ಕರ್ಕಂಡ್ಹೋಗಲ್ಲ. ಅದ್ನ ಮೊದ್ಲೇ ಹೇಳಬಾರ್ದಾ ಅಕ್ಕ? ಬಾಣಂತನಕ್ಕೆ ಅಂತ."

"ಇವಳು ಗಬ್ಬ ಇಲ್ಲಣ್ಣ," ಎಂದೆ.

"ನನ್ನ ಮನೇಲಿ ಮೂರು ನಾಯಿ ಅವೆ. ಮೊಲೆ ನೋಡ್ರಿ."

ನೋಡಿದೆ. ನಾಲ್ಕು ವರ್ಷ ಅವಳ ಬಾಲ ಅಳೆದವಳು, ಬೆನ್ನು ಮೂಳೆ ಎಣಿಸಿದವಳು, ಮೂರು ವಾರದಿಂದ ಅವಳ ಹೊಟ್ಟೆಯನ್ನು ಅನುಮಾನದಿಂದ ನೋಡುತ್ತಿದ್ದವಳು, ಒಂದು ಸಲವೂ ಬಾಗಿ ಕೆಳಗೆ ನೋಡಿರಲಿಲ್ಲ. ಮನುಷ್ಯರಿಗೆ, ಹಸುವಿಗೆ, ಎಮ್ಮೆಗೆ ಆಗಿದ್ದರೆ ಊಟ ಬಿಟ್ಟ ದಿನವೇ ಹೇಳಿಬಿಡುತ್ತಿದ್ದೆ. ಇವಳ ವಿಷಯದಲ್ಲಿ ಹೊಳೆಯಲೇ ಇಲ್ಲ. ಯಾಕೆಂದರೆ ಕಟ್ಟುಪಾಡು ಇತ್ತು, ಚಿಲಕ ಇತ್ತು, ತವರಿನಲ್ಲಿ ಗೊತ್ತು ಮಾಡದೆ ಅವಳಿಗೆ ಅದು ಆಗುವಂತೆಯೇ ಇರಲಿಲ್ಲ. ಚಿಲಕವನ್ನು ನಾನು ನಂಬಿದ್ದೆ. ನಾಯಿಯನ್ನು ನಂಬಿರಲಿಲ್ಲ.

"ಮತ್ತೆ ಉಣ್ಣೆ?" ಎಂದರು ನಮ್ಮ ಮನೆಯವರು, ಆಟೋ ಮತ್ತೆ ಹೊರಟ ಮೇಲೆ, ಹಿಂದಕ್ಕೆ ತಿರುಗಿ. ಬಸುರಿಯಾದವಳು ಕುರಿ ತಿನ್ನಬಾರದು ಎಂದೇನೂ ಇಲ್ಲವಲ್ಲ. ಬಯಕೆ ಎಂದೂ ಅನ್ನಬಹುದಿತ್ತು.

ದೊಡ್ಡಪ್ಪ ಬಾಗಿಲಲ್ಲೇ ಇದ್ದರು. ಅವಳನ್ನು ಕಂಡು ಅವರ ಮುಖ ಅರಳಿತು. ಎರಡು ಬೆರಳು ಹೊಟ್ಟೆಯ ಮೇಲಿಟ್ಟರು, ಅರಳಿದ ಮುಖ ಮುದುಡಿತು.

"ಯಾರು?" ಎಂದರು.

"ಗೊತ್ತಿಲ್ಲ ದೊಡ್ಡಪ್ಪ."

"ಕೋಣೆಗೆ ಹಾಕಿರ್ಲಿಲ್ವಾ?"

"ಹಾಕಿದ್ದೆ. ಮೂರು ವಾರನೂ ಹಾಕಿದ್ದೆ. ಆಣೆಗೂ."

"ಹಂಗಾರೆ ಚಿಲಕಕ್ಕೇ ಹುಟ್ಟಿರಬೇಕು," ಎಂದರು ದೊಡ್ಡಪ್ಪ. ಆಮೇಲೆ ನನಗೆ ಬೆನ್ನು ತಿರುಗಿಸಿದರು. ನಮ್ಮ ಮನೆಯವರನ್ನು ಬೀಗರ ಹಾಗೆ ಉಪಚರಿಸಿ, "ಕುಂತ್ಕಳ್ರಿ, ಕಾಲು ತೊಳ್ಕಳ್ರಿ" ಎಂದು ಹೇಳುತ್ತಲೇ ಕಣ್ಣಿನಲ್ಲಿ ಅವರನ್ನೂ ಅಳೆಯುತ್ತಿದ್ದರು. ಕುರಿಮರಿಯ ವಿಷಯ ಹೇಳಿದಾಗ ಅವರು ಅದನ್ನು ಅರ್ಧ ಕಿವಿಯಲ್ಲೂ ಕೇಳಲಿಲ್ಲ. ಅವರಿಗೆ ಕುರಿ ಸತ್ತದ್ದಲ್ಲ, ತಳಿ ಸತ್ತದ್ದು ಮುಖ್ಯ. ಉಣ್ಣೆ ಎಂದಾಗ ಮಾತ್ರ ತಿರುಗಿ ನೋಡಿದರು.

"ಕರಿ ಉಣ್ಣೆಯೋ ಬಿಳಿ ಉಣ್ಣೆಯೋ?"

"ಕರೀದು."

"ಸತ್ತ ಮರಿ?"

ನಾನು ನೆನಪು ಮಾಡಿಕೊಂಡೆ. ಅಂಗಳದಲ್ಲಿ ಇಳಿಸಿದ ಮರಿ ಕಂದು ಬಣ್ಣದ್ದು, ಹಣೆ ಬಿಳಿ. ಮಿಕ್ಕ ಎರಡನ್ನು ನಾನು ನೋಡಿರಲಿಲ್ಲ.

"ಅವಳು ಯಾವುದ್ರ ಮ್ಯಾಲೆ ಮಲಗ್ತಾಳೆ ನಿನ್ನ ಮನೇಲಿ?" ಎಂದರು ದೊಡ್ಡಪ್ಪ.

ನಮ್ಮ ಮನೆಯವರು ಆಗಲೇ ಜೇಬಿನಿಂದ ಫೋನು ತೆಗೆದು ಅತ್ತೆಗೆ ಹಚ್ಚಿದ್ದರು. ಅತ್ತೆ ಕೋಣೆಗೆ ಹೋಗಿ ನೋಡಿ, ಐದು ನಿಮಿಷ ಬಿಟ್ಟು ತಾವೇ ಫೋನ್ ಮಾಡಿದರು. ಚೀಲಗಳ ಸಂದಿಯಲ್ಲಿ ಕಂಬಳಿ ಅರ್ಧಕ್ಕರ್ಧ ಚಿಂದಿಯಾಗಿತ್ತು. ಗುಡ್ಡೆ ಮಾಡಿ ನಡುವೆ ಗುಂಡಿ ಮಾಡಿದ್ದಳಂತೆ, ಮರಿ ಹಾಕಲು. ಕಚ್ಚಿ ಎಳೆದದ್ದರಲ್ಲಿ ಒಂದಿಷ್ಟು ಹೊಟ್ಟೆಗೆ ಹೋಗಿತ್ತು. ಮೂತಿಗೆ ಮೆತ್ತಿದ್ದ ಮಣ್ಣು ಕೊಟ್ಟಿಗೆಯಾಚೆಯ ಬೇಲಿ ಬುಡದ್ದು. ಅಲ್ಲಿಯೂ ಒಂದು ಗುಂಡಿ ತೋಡಿದ್ದಾಳೆ ಎಂದು ಅತ್ತೆ ಸಂಜೆ ಮತ್ತೆ ಫೋನ್ ಮಾಡಿ ಹೇಳಿದರು. ಅವರ ದನಿ ಎಂದಿನಂತಿರಲಿಲ್ಲ.

ಅವಳನ್ನು ಅಲ್ಲೇ ಬಿಟ್ಟು ನಾವು ವಾಪಸ್ ಬಂದೆವು. ಹೊರಡುವಾಗ ಅವಳ ತಲೆ ಮುಟ್ಟಲು ಹೋದೆ. ಸರಿದುಕೊಂಡು ದೊಡ್ಡಪ್ಪನ ಹಿಂದೆ ನಿಂತಳು.

ಮನೆಗೆ ಬಂದವಳೇ ನಾನು ವಿಚಾರಣೆಗೆ ಕುಳಿತೆ. ಚಿಲಕ ತೆಗೆದವರು ಯಾರು? ನಮ್ಮ ಮನೆಯವರು ಬೆದೆಯ ಆ ಮೂರು ವಾರದಲ್ಲಿ ಕೋಣೆಯ ಕಡೆಗೇ ಹೋಗಿಲ್ಲ ಎಂದರು. ನಾನು ನಂಬಲಿಲ್ಲ. ಮೂರು ದಿನ ಅವರಿಗೂ ನನಗೂ ನೆಟ್ಟಗೆ ಮಾತಿಲ್ಲ. ನಾಲ್ಕನೆಯ ದಿನ ಅತ್ತೆ ಸೊಪ್ಪು ಸೋಸುತ್ತ, ತಲೆ ಎತ್ತದೆ ಹೇಳಿದರು.

"ನಾನೇ ಕಣೇ. ಪೂಜೆಗೆ ಕುಂತಿದ್ದೆ. ಒಳಗಿಂದ ಒಂದೇ ಸಮ ಕುಯ್ಯಂತಿತ್ತು. ಕಿವಿ ತುಂಬಾ ಅದೇ. ಒಂದು ಗಳಿಗೆ ಹೊರಗೆ ಬಿಡಾಣ, ಹೊರಕಡೆ ಹೋಗಿ ಬರ್ಲಿ ಅಂತ ಬಿಟ್ಟೆ. ಲಿಂಗಪೂಜೆ ಮುಗಿಸಿ ಬರೋ ಹೊತ್ಗೆ ಬಾಗಿಲಾಗೇ ನಿಂತಿತ್ತು. ಒಳಗೆ ಹಾಕಿ ಚಿಲಕ ಹಾಕ್ದೆ."

"ಯಾಕೆ ಹೇಳ್ಲಿಲ್ರಿ?"

"ಹೇಳಿದ್ರೆ ನಿನ್ನ ತವರಿನೋರು ಬರ್ತಿದ್ರು, ನಿನ್ನ ದೊಡ್ಡಪ್ಪ ಬರ್ತಿದ್ರು. ಮುಚ್ಚಿಕಂಡೆ. ಆಮೇಲೆ ಹೊಟ್ಟೆ ಕಂಡಾಗ ನನಗೇ ಅನುಮಾನ ಬಂತು. ಕುರಿ ತಿಂದೈತೆ ಅಂತಾದ್ರೂ ಆಗ್ಲಿ ಅಂತ ಅನ್ಕಂಡೆ."

ಹಾಗೆ ಹೇಳಿ ಅವರು ಸೊಪ್ಪಿನ ಕಡ್ಡಿಗಳನ್ನು ಎಮ್ಮೆಗೆ ಹಾಕಲು ಎದ್ದುಹೋದರು. ನನಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅಂದಿನಿಂದ ನಮ್ಮಿಬ್ಬರ ನಡುವೆ ಒಂದು ಸಲಿಗೆ ಹುಟ್ಟಿತು. ಒಂದೇ ಆರೋಪಿಗೆ ಇಬ್ಬರೂ ಮೋಸ ಮಾಡಿದ್ದೆವು.

ಕುರಿ ಅಜ್ಜ ಹೇಳಿದಂತೆ ಮಂದೆ ಎಬ್ಬಿಸಿರಲಿಲ್ಲ. ನಾಯಿ ಊರಲ್ಲಿಲ್ಲ ಎಂದು ಗೊತ್ತಾದ ಮೇಲೆ ಇನ್ನೂ ಸ್ವಲ್ಪ ದಿನ ನಿಂತಿದ್ದ. ಅವಳು ಹೋಗಿ ಹತ್ತು ದಿನಕ್ಕೆ ನಾಲ್ಕನೆಯ ಮರಿ ಹೋಯಿತು. ಈ ಸಲ ಸೂರ್ಯ ಹುಟ್ಟಿದ ಮೇಲೆ, ಅಜ್ಜನ ಕಣ್ಣೆದುರಿಗೆ. ಹೈವೇ ಪಕ್ಕದ ಹಳ್ಳದಲ್ಲಿ ಕೋಳಿ ಅಂಗಡಿಗಳ ಕಸ ಸುರಿಯುತ್ತಾರೆ. ಅಲ್ಲಿ ತಿಂದು ಬೆಳೆದ ಐದು ಬೀದಿ ನಾಯಿಗಳು. ಕಸ ಬಾರದ ದಿನ ಅವು ಹೊಲಕ್ಕೆ ಇಳಿಯುತ್ತಿದ್ದವು. ಅದರಲ್ಲಿ ಒಂದು ಹಸಿದು ಬಡಕಲಾಗಿ, ದೂರದಿಂದ ನೋಡಿದರೆ ಉದ್ದಕ್ಕೆ ಕಾಣುತ್ತಿತ್ತಂತೆ.

ಅಜ್ಜ ಅವತ್ತೇ ನಮ್ಮ ಮನೆಗೆ ಬಂದ. ಜಗಲಿಯ ಮೇಲೆ ಕುಳಿತ. ಕೊಟ್ಟ ಟೀ ಬೇಡ ಎನ್ನದೆ ಕುಡಿದ.

"ನಾನು ನಿಮ್ಮ ನಾಯಿ ಅಂತ ಹೇಳಿರ್ಲಿಲ್ಲ ತಾಯಿ," ಎಂದ.

"ಇಲ್ಲ ಅಜ್ಜ. ನಾವೇ ಹೇಳ್ಕಂಡ್ವಿ."

ಅವನು ಲೋಟ ಕೆಳಗಿಟ್ಟ. "ಕರ್ಕಂಬರ್ರಿ. ಯಾರೂ ಏನೂ ಇಡಲ್ಲ. ನನ್ನ ಮಾತು," ಎಂದ. ಅವನ ಮಾತಿನ ಮೇಲೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಅನುಮಾನಪಡುವುದು ಒಮ್ಮೆ ರೂಢಿಯಾದರೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆ ವಾರವೆಲ್ಲ ಬೆಳಿಗ್ಗೆ ಎದ್ದು ಜಾಲಿ ಬುಡಗಳನ್ನು ಒಂದೊಂದೇ ನೋಡಿಕೊಂಡು ಬಂದೆ. ಬನ್ನು ಎಲ್ಲೂ ಇರಲಿಲ್ಲ.

ಅವಳು ಮೂರು ಮರಿ ಹಾಕಿದಳು. ದೊಡ್ಡಪ್ಪ ಫೋನಿನಲ್ಲಿ ಎಣಿಕೆಯನ್ನಷ್ಟೇ ಹೇಳಿ ಇಟ್ಟರು. ಎರಡು ತಿಂಗಳಾದ ಮೇಲೆ ನಾನು ಅತ್ತೆಯನ್ನೂ ಕರೆದುಕೊಂಡು ಹೊಸದುರ್ಗಕ್ಕೆ ಹೋದೆ. ಅತ್ತೆ ಕೊಬ್ಬರಿ, ಬೆಲ್ಲ, ಒಂದು ಸೇರು ಹುರಿಹಿಟ್ಟು ಕಟ್ಟಿಕೊಂಡಿದ್ದರು, ಬಾಣಂತಿ ನೋಡಲು ಹೋಗುವವರ ಹಾಗೆ. ಬಸ್ಸಿನಲ್ಲಿ ಪಕ್ಕದವರು ಯಾರಿಗೆ ಎಂದು ಕೇಳಿದರೆ "ನಮ್ಮ ಮನೆ ಹೆಣ್ಮಗಳಿಗೆ" ಎಂದರು, ಮುಖ ಬದಲಿಸದೆ.

ದೊಡ್ಡಪ್ಪ ಮರಿಗಳ ಬಾಲ ಹಾಯಿಸಿ ನೋಡಿದ್ದರು, ಸೊಂಟದ ಮೇಲೆ ಬೆರಳಿಟ್ಟು ನೋಡಿದ್ದರು. ಎರಡು ಮರಿ ಅಳತೆಗೆ ಬಂದಿರಲಿಲ್ಲ. ಮೂತಿ ಮೊಂಡು, ಬಾಲ ಮೇಲಕ್ಕೆ ಸುತ್ತಿಕೊಂಡಿತ್ತು. ಮೂರನೆಯದು ಮಾತ್ರ ತಾಯಿಯ ಹಾಗೇ ಇತ್ತು. ಅದರ ಮುಂದೆ ದೊಡ್ಡಪ್ಪ ದಿನವೂ ಕುಳಿತು ನೋಡುತ್ತಿದ್ದರಂತೆ, ಎಲ್ಲಿ ತಪ್ಪು ಸಿಕ್ಕೀತು ಎಂದು. ಸಿಕ್ಕಿರಲಿಲ್ಲ. ಅದರಿಂದ ಅವರ ಅನುಮಾನ ಹೆಚ್ಚೇ ಆಗಿತ್ತು.

"ಮೊಂಡು ಮೂತಿಯವನ್ನ ಇಲ್ಲೇ ಯಾರಿಗಾದ್ರೂ ಕೊಡ್ತೀನಿ. ಇದನ್ನ ನಾನೇ ಇಟ್ಕಂತೀನಿ," ಎಂದರು. "ನಿನ್ನ ಮನೇಲಿ ಚಿಲಕ ಸರಿ ಇಲ್ಲ."

ಅತ್ತೆ ಆಗ ಮುಂದೆ ಬಂದು, "ಚಿಲಕ ಸರಿ ಐತೆ ಬೀಗರೆ. ತೆಗ್ದಿದ್ದು ನಾನು," ಎಂದರು. ಬೀಗಿತ್ತಿಯ ಮುಖಕ್ಕೆ ಹೊಡೆದ ಹಾಗೆ ಮಾತಾಡುವುದು ದೊಡ್ಡಪ್ಪನಿಗೆ ಗೊತ್ತಿಲ್ಲದ ವಿದ್ಯೆ. ಒಳಗೆ ಹೋಗಿ, ಕಾಫಿ ಮಾಡಿ ಎಂದು ಕೂಗಿದರು.

ಅವಳು ಹಿತ್ತಲಿನಲ್ಲಿದ್ದಳು. ಅತ್ತೆ ಹುರಿಹಿಟ್ಟಿಗೆ ಬೆಲ್ಲ, ಹಾಲು ಕಲಸಿ ಅಂಗೈಯಲ್ಲಿ ಹಿಡಿದರು. ಬಂದು ತಿಂದಳು, ಬೆರಳ ಸಂದಿಯನ್ನೂ ನೆಕ್ಕಿದಳು. ನಾನು ಅದೇ ಹಿಟ್ಟನ್ನು ಹಿಡಿದೆ. ನನ್ನ ಕೈ ನೋಡಿದಳು, ಮುಖ ನೋಡಿದಳು, ಒಂದು ಮರಿಯನ್ನು ಕತ್ತು ಹಿಡಿದು ಎತ್ತಿಕೊಂಡು ಹುಲ್ಲಿನ ಬಣವೆಯ ಹಿಂದೆ ಹೋದಳು. ಮತ್ತೆ ಬಂದು ಇನ್ನೊಂದನ್ನು ಒಯ್ದಳು. ಮೂರನೆಯದನ್ನೂ ಒಯ್ದಳು. ಆ ವಯಸ್ಸಿನ ಮರಿಗಳನ್ನು ತಾಯಿ ಎತ್ತಿ ಒಯ್ಯುವುದಿಲ್ಲ, ಅವೇ ನಡೆಯುತ್ತವೆ.

"ಬೈದಿದ್ದೆಲ್ಲ ನೀವು," ಎಂದೆ ಅತ್ತೆಗೆ.

"ನಾನು ಎದುರಿಗೆ ಬೈದೆ," ಎಂದರು ಅವರು, ಕೈ ತೊಳೆಯುತ್ತ. "ನೀನು ಕಡ್ಡಿ ಹಿಡ್ಕಂಡು ಹಿಂದಿಂದ ಹೋದೆ."

ಅವಳು ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಮರಿಗಳು ಹಾಲು ಬಿಟ್ಟ ಮೇಲೆ ದೊಡ್ಡಪ್ಪನೇ ತಂದು ಬಿಟ್ಟು ಹೋದರು, ಈ ಸಲ ಅಕ್ಕಿ ಹಾಕಿದ್ದು ಅತ್ತೆಯ ಸೆರಗಿಗೆ. ಶೇಂಗಾ ಹೊಲದಲ್ಲಿ ಮೊಲ ಎದ್ದರೆ ಅವಳು ಈಗಲೂ ಹಳೆಯ ಹಾಗೇ ಹೊರಡುತ್ತಾಳೆ, ಹೊಲದ ಅಂಚಿನವರೆಗೆ ಅಟ್ಟಿ, ಮೊಲ ಮರೆಯಾದ ಜಾಗದಲ್ಲಿ ನಿಂತು ವಾಪಸಾಗುತ್ತಾಳೆ. ಕುರಿ ಮಂದೆಯ ನಡುವೆಯೇ ಹಾದು ಬರುತ್ತಾಳೆ, ಕುರಿಗಳು ಕತ್ತು ಕೂಡ ಎತ್ತುವುದಿಲ್ಲ.

ನಾನು ಇಟ್ಟ ಮುದ್ದೆಯನ್ನು ಮೊದಲ ತಿಂಗಳು ಅವಳು ನಾನಿರುವಾಗ ಮುಟ್ಟಲಿಲ್ಲ. ತಟ್ಟೆ ಇಟ್ಟು ಒಳಗೆ ಬಂದರೆ ತಿನ್ನುತ್ತಿದ್ದಳು. ಮಾತಾಡಿಸಿ, ಗೋಗರೆದು ಪ್ರಯೋಜನವಿಲ್ಲ, ಈ ಜಾತಿಗೆ ಅದು ತಾಗುವುದಿಲ್ಲ. ಹಾಗಾಗಿ ಅವಳ ಕಣ್ಣಿಗೆ ಬೀಳುವ ಹಾಗೆ ಸುಮ್ಮನೆ ನನ್ನ ಕೆಲಸ ಮಾಡಿಕೊಂಡಿದ್ದೆ. ಅಂಗಳದಲ್ಲಿ ಪಾತ್ರೆ ತೊಳೆಯುವುದು, ಶೇಂಗಾ ಸುಲಿಯುವುದು, ಎಲ್ಲ ಅವಳ ಎದುರಿಗೇ. ಅವಳ ಹಿಂದೆ ಎಲ್ಲಿಗೂ ಹೋಗಲಿಲ್ಲ. ಮೊನ್ನೆ ನಾನು ನಲ್ಲಿಯ ಹತ್ತಿರ ಬಿಂದಿಗೆ ತುಂಬಿಸುತ್ತ ನಿಂತಿದ್ದಾಗ ಅವಳು ತಾನಾಗಿ ಬಂದು ತಟ್ಟೆಗೆ ಬಾಯಿ ಹಾಕಿದಳು. ಒಂದು ತುತ್ತಿಗೊಮ್ಮೆ ತಲೆ ಎತ್ತಿ ನನ್ನನ್ನು ನೋಡುತ್ತಿದ್ದಳು. ಬಿಂದಿಗೆ ತುಂಬಿ ಹರಿಯಿತು, ನಾನು ಕದಲಲಿಲ್ಲ. ತಿಂದು ಮುಗಿಸಿ ಜಗಲಿಯ ಆ ತುದಿಗೆ ಹೋದಳು. ನನ್ನ ಕಡೆ ಮುಖ ಮಾಡಿ ಕುಳಿತಳು, ಕಣ್ಣು ಮುಚ್ಚಲಿಲ್ಲ.